ಹಡಗಿನ ಪ್ರವಾಸಕ್ಕೆ ಹತ್ತಿ ಬಟ್ಟೆಯೋ, ಪಾಲಿಯೆಸ್ಟರೋ?

ಮಡಿಕೇರಿ ಮಳೆಯಲ್ಲಿ ಹತ್ತಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಅಲ್ವಾ ಅಕ್ಕ? ಹಡಗಿನ ಸಣ್ಣ ಕೋಣೆಯಲ್ಲೂ ಹಾಗೆಯೇ. ಎರಡು ವಾರ ನೀವೇ ಒಗೆದುಕೊಳ್ಳುವುದಾದರೆ ಪಾಲಿಯೆಸ್ಟರ್ ತೆಗೆದುಕೊಳ್ಳಿ. ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆಗೆ ಒಣಗುತ್ತದೆ. ಇಸ್ತ್ರಿಯೂ ಬೇಡ, ಬೆಂಕಿಯ ಭಯಕ್ಕೆ ಹೆಚ್ಚಿನ ಹಡಗುಗಳಲ್ಲಿ ಇಸ್ತ್ರಿಪೆಟ್ಟಿಗೆ ತರಲು ಬಿಡುವುದಿಲ್ಲ. ಆದರೆ ಬೆವರಿದರೆ ಬೇಗ ವಾಸನೆ ಬರುತ್ತದೆ.

ಬಿಸಿಲಲ್ಲಿ ಇಳಿದು ಊರು ಸುತ್ತುವವರಿಗೆ ಹತ್ತಿಯೇ ಹಿತ. ಲಾಂಡ್ರಿಗೆ ಮಾತ್ರ ದುಡ್ಡು ಎತ್ತಿಡಿ. ಬಟ್ಟೆಗಿಷ್ಟು ಎಂದು ಲೆಕ್ಕ ಹಾಕಿದರೆ ಜಾಸ್ತಿಯೇ ಆಗುತ್ತದೆ. ಒಳಗೆ ಏಸಿ ಚಳಿ, ಒಂದು ಸ್ವೆಟರ್ ಇರಲಿ.

ಚೆನ್ನಾಗಿ ಅಲಂಕರಿಸಿಕೊಂಡು ಹೋಗುವ ಊಟದ ರಾತ್ರಿಗೆ ಭಾವನಿಗೆ ಸೂಟೋ, ಕೊಡವರ ಉದ್ದನೆಯ ಕೋಟಾದ ಕುಪ್ಯವೋ? ಪದೇ ಪದೇ ಬಳಸುವುದಾದರೆ ಸೂಟ್. ಒಂದೇ ರಾತ್ರಿಗಾದರೆ ಮನೆಯಲ್ಲಿರುವ ಕುಪ್ಯ, ಅದರ ಮೇಲೆ ಸೊಂಟಕ್ಕೆ ಸುತ್ತುವ ಚೇಲೆಯೇ ಚೆಂದ. ಚೇಲೆಗೆ ಸಿಕ್ಕಿಸುವ ಪೀಚೆಕತ್ತಿ ಮಾತ್ರ ಮನೆಯಲ್ಲೇ ಇರಲಿ, ಹಡಗಿಗೆ ಬಿಡುವುದಿಲ್ಲ.