ಪದ್ಮಿನಿಗೆ ಪಾಯಿಂಟೋ, ಎಲೆಕ್ಟ್ರಾನಿಕ್ಕೋ?

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1986ರ ಮಾಡೆಲ್. ಅಪ್ಪ ಕೊಂಡದ್ದು. ಅದರ ಸಣ್ಣಪುಟ್ಟ ಕೆಲಸವೆಲ್ಲ ಮೈಸೂರಿನ ಮನೆಯ ಗೇಟಿನ ಒಳಗೇ ನಡೆಯುತ್ತದೆ. ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸಲು ಕರೆಂಟ್ ಕಡಿದು ಜೋಡಿಸುವ ಪುಟ್ಟ ಸ್ವಿಚ್ಚು, ಅಂದರೆ ಹಳೇ ಸಿಬಿ ಪಾಯಿಂಟ್ ಇಟ್ಟುಕೊಳ್ಳೋದಾ, ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕೋದಾ ಅಂತ ಇಂಥ ಗಾಡಿ ಇಟ್ಟವರೆಲ್ಲ ಒಂದು ದಿನ ಯೋಚಿಸಿಯೇ ಇರುತ್ತಾರೆ. ನಾನು ಎರಡನ್ನೂ ಓಡಿಸಿ ನೋಡಿದ್ದೇನೆ.

ಪದ್ಮಿನಿಯದು 1089 ಸಿಸಿ, ನಾಲ್ಕು ಸಿಲಿಂಡರ್. 3000 ಆರ್‌ಪಿಎಂನಲ್ಲಿ ಪಾಯಿಂಟ್ ಸೆಕೆಂಡಿಗೆ 100 ಸಲ ಬಾಯಿ ತೆರೆದು ಮುಚ್ಚಬೇಕು. ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡಿಕೊಡುವ ಕಾಯಿಲ್‌ನ ಕರೆಂಟೆಲ್ಲ ಅದರ ಮೂಲಕವೇ ಹೋಗಬೇಕು. ಸುಡದೆ ಇರುತ್ತದೆಯೇ? ಪಾಯಿಂಟನ್ನು ತೆರೆಸುವ ಕ್ಯಾಮಿಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದ ಹಾಗೆ ಗ್ಯಾಪ್ ಕಮ್ಮಿಯಾಗಿ ಕಿಡಿಯ ಟೈಮಿಂಗ್ ಹಿಂದೆ ಬೀಳುತ್ತದೆ. ಆದರೆ ಗಾಡಿ ಮೊದಲೇ ಹೇಳುತ್ತದೆ. ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್, ಏರಿನಲ್ಲಿ ಮಿಸ್ಸಿಂಗ್. ಎಮರಿ ಪೇಪರ್, ಗ್ಯಾಪ್ ಅಳೆಯುವ ಫೀಲರ್ ಗೇಜ್ ಇದ್ದರೆ ಅರ್ಧ ಗಂಟೆಯ ಕೆಲಸ.

ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಉಜ್ಜುವುದೇ ಇಲ್ಲ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಕೆಳಗೆ ಅಯಸ್ಕಾಂತದ ಬಳೆ, ಪಕ್ಕದಲ್ಲಿ ಪುಟ್ಟ ಸೆನ್ಸರ್. ಹಾಕಿದ ಮರುದಿನವೇ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು, ಐಡ್ಲಿಂಗ್ ನಯವಾಯಿತು. ಲೀಟರಿಗೆ 11 ಕೊಡುತ್ತಿದ್ದ ಗಾಡಿ 12 ದಾಟಿತು. ಒಂದೂಕಾಲು ವರ್ಷ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆಯಲೇ ಇಲ್ಲ.

ಆಮೇಲೆ ಒಂದು ಭಾನುವಾರ ಮಡಿಕೇರಿಗೆ ಹೋಗುವಾಗ ಕುಶಾಲನಗರಕ್ಕೆ ಸ್ವಲ್ಪ ಮುಂಚೆ ಎಂಜಿನ್ ಸುಮ್ಮನೆ ನಿಂತುಬಿಟ್ಟಿತು. ಕೆಮ್ಮಿಲ್ಲ, ಜಗ್ಗಲಿಲ್ಲ. ಸೆನ್ಸರ್ ಇರುವ ಮಾಡ್ಯೂಲ್ ಹೋಗಿತ್ತು, ರಸ್ತೆಯಲ್ಲಿ ಅದಕ್ಕೆ ಮಾಡುವುದೇನೂ ಇರುವುದಿಲ್ಲ. ಪುಣ್ಯಕ್ಕೆ ಹಳೇ ಪಾಯಿಂಟ್ ಸೆಟ್ಟು, ಪಾಯಿಂಟ್ ಬೇಗ ಸುಡದಂತೆ ಕಾಯುವ ಕಂಡೆನ್ಸರ್ ಡಿಕ್ಕಿಯಲ್ಲಿದ್ದವು. ಬಳೆ ಕಳಚಿ, ಮಾಡ್ಯೂಲಿನ ಎರಡೂ ವೈರ್ ಕಾಯಿಲ್‌ನಿಂದ ಬಿಚ್ಚಿ, ಪಾಯಿಂಟ್ ಕೂರಿಸಿದೆ. ಫೀಲರ್ ಗೇಜ್ ಮನೆಯಲ್ಲೇ ಉಳಿದಿತ್ತು. ಭಾವ ಟಾಪ್ ಗೇರಿನಲ್ಲಿ ಗಾಡಿಯನ್ನು ಇಂಚಿಂಚೇ ತಳ್ಳಿದರು. ಹಿಮ್ಮಡಿ ಕ್ಯಾಮಿನ ತುದಿಗೆ ಬಂದಾಗ ಡ್ಯಾಶ್‌ಬೋರ್ಡಿನಲ್ಲಿದ್ದ ಲಗ್ನಪತ್ರಿಕೆಯ ದಪ್ಪ ಅಂಚನ್ನು ಪಾಯಿಂಟ್ ನಡುವೆ ತೂರಿಸಿ, ಅದು ಮೆಲ್ಲಗೆ ಹಿಡಿದು ಜಾರುವಷ್ಟು ಗ್ಯಾಪ್ ಬಿಟ್ಟು ಸ್ಕ್ರೂ ಬಿಗಿ ಮಾಡಿದೆ. ಗಾಡಿ ಮಡಿಕೇರಿಗೆ ಹೋಗಿ ವಾಪಸ್ಸೂ ಬಂತು.

ಮನೆಗೆ ಬಂದ ಮೇಲೆ ಇನ್ನೊಂದು ವಿಷಯ ತಲೆಗೆ ಹೊಳೆಯಿತು. ಕಿಟ್ ಹಾಕುವಾಗಲೇ ಪ್ಲಗ್ಗು, ಪ್ಲಗ್ ವೈರು, ಕ್ಯಾಪು ಎಲ್ಲ ಹೊಸದು ಹಾಕಿದ್ದೆ. ಹಾಗಾದರೆ ಮೈಲೇಜ್ ಕೊಟ್ಟದ್ದು ಯಾವುದು? ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿದು ಅಲ್ಲಾಡಿಸಿದೆ. ಆಟ ಇತ್ತು. ಶಾಫ್ಟ್ ಅಲ್ಲಾಡಿದರೆ ಪಾಯಿಂಟ್ ಗ್ಯಾಪ್ ಒಂದೊಂದು ಸಿಲಿಂಡರಿಗೂ ಒಂದೊಂದು ಥರ ಆಗುತ್ತದೆ. ಸೆನ್ಸರಿಗೆ ಇದರ ಕಾಟ ಅಷ್ಟಿಲ್ಲ. ಲೇತ್‌ನಲ್ಲಿ ಶಾಫ್ಟ್ ಕೂರುವ ಗನ್‌ಮೆಟಲ್ ಬುಷ್ ಮಾಡಿಸಿ ಹಾಕಿದೆ. ಹೊಸ ಪಾಯಿಂಟ್ ಹಾಕಿ ಟೈಮಿಂಗ್ ಸರಿಮಾಡಿದೆ. ಮತ್ತೆ ಅದೇ 12! ಐಡ್ಲಿಂಗ್‌ನಲ್ಲೂ ವ್ಯತ್ಯಾಸ ಗೊತ್ತಾಗಲಿಲ್ಲ. ಆದ್ದರಿಂದ ಕಿಟ್‌ಗೆ ದುಡ್ಡು ಹಾಕುವ ಮೊದಲು ಶಾಫ್ಟ್ ಅಲ್ಲಾಡಿಸಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ದಿನಾ ಟ್ರಾಫಿಕ್‌ನಲ್ಲಿ ಓಡಿಸುವವರಿಗೆ ಎಲೆಕ್ಟ್ರಾನಿಕ್ಕೇ ಸರಿ, ಪಾಯಿಂಟ್ ಕೆಲಸ ಪದೇ ಪದೇ ಬೀಳುವುದಿಲ್ಲ. ಆದರೆ ಎಂಜಿನ್ ಆಫ್ ಇದ್ದಾಗ ಕೀ ಆನ್ ಬಿಡಬೇಡಿ, ಕಾಯಿಲ್ ಕಾಯುತ್ತದೆ. ಬ್ಯಾಟರಿ ವೈರ್ ಉಲ್ಟಾ ಹಾಕಿದರೆ ಮಾಡ್ಯೂಲ್ ಸುಟ್ಟೇ ಹೋಗಬಹುದು.

ನಮ್ಮ ಗಾಡಿ ವಾರಕ್ಕೆ ಎರಡು ಸಲ ಹೊರಡುತ್ತದೆ, ವರ್ಷಕ್ಕೆರಡು ಸಲ ಘಟ್ಟ ಹತ್ತುತ್ತದೆ. ಅದಕ್ಕೆ ಪಾಯಿಂಟೇ ಇರಲಿ ಅಂತ ಬಿಟ್ಟಿದ್ದೇನೆ. ಹೊಸದಾಗಿ ತಂದ ಕಂಡೆನ್ಸರ್ ಮಾತ್ರ ಮೂರೇ ತಿಂಗಳಿಗೆ ಕೈಕೊಟ್ಟಿತು. ಅಪ್ಪ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಳೇದನ್ನು ಹಾಕಿದೆ, ಅದೇ ಈಗಲೂ ಓಡುತ್ತಿದೆ.