ಮಳೆಗಾಲದಲ್ಲಿ ಮ್ಯಾಟ್ ಸ್ಪ್ರೇ ಹೊಡೆಯಬೇಡಿ

ವಾರ್‌ಗೇಮ್ (ಮೇಜಿನ ಮೇಲೆ ಬೊಂಬೆ ಸೈನಿಕರನ್ನಿಟ್ಟು ಆಡುವ ಯುದ್ಧದಾಟ) ಬೊಂಬೆಗಳಿಗೆ ಬಣ್ಣ ಹಚ್ಚುವವರು, ಅದರಲ್ಲೂ ಕರಾವಳಿಯವರು, ಮಳೆ ಪೂರ್ತಿ ಬಿಡುವ ತನಕ ಬಣ್ಣ ಕಾಪಾಡಲು ಕೊನೆಗೆ ಹೊಡೆಯುವ ಮ್ಯಾಟ್ (ಹೊಳಪಿಲ್ಲದ) ಸ್ಪ್ರೇ ವಾರ್ನಿಶ್ ಡಬ್ಬಿ ಮುಟ್ಟಬೇಡಿ. ನನ್ನ ಮೂರು ತಿಂಗಳ ಕೆಲಸ ಅರ್ಧ ನಿಮಿಷದಲ್ಲಿ ಹಾಳಾಯಿತು.

ನಾನಿರುವುದು ಮಂಗಳೂರಿನಲ್ಲಿ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಆಡಬೇಕೆಂದು ಏಪ್ರಿಲ್‌ನಲ್ಲಿ 28 ಮಿ.ಮೀ. ಅಳತೆಯ ಹನ್ನೆರಡು ಬೊಂಬೆ ಕೈಗೆತ್ತಿಕೊಂಡೆ. ಎಲ್ಲರೂ ಟಿಪ್ಪುವಿನ ಕಾಲಾಳುಗಳು, ನೇರಳೆ ಅಂಗಿ, ಅದರ ಮೇಲೆ ಹುಲಿಪಟ್ಟೆ. ನೇರಳೆಯನ್ನು ಒಂದೇ ಸಲ ದಪ್ಪಗೆ ಬಳಿದರೆ ಅಂಗಿ ಬಟ್ಟೆಯಂತೆ ಕಾಣುವುದಿಲ್ಲ. ಹಾಗಾಗಿ ಒಂದು ಪಾಲು ಬಣ್ಣಕ್ಕೆ ಅದನ್ನು ತಿಳಿಯಾಗಿಸುವ ಗ್ಲೇಜ್ ಮೀಡಿಯಂ ಐದು ಪಾಲು ಬೆರೆಸಿ, ಬ್ರಷ್ಷಿನ ತೇವವನ್ನು ಟಿಶ್ಯೂಗೆ ಒತ್ತಿ ತೆಗೆದು, ಬೆಳಕು ಬೀಳುವ ಭುಜದಿಂದ ನೆರಳಿನ ಕಂಕುಳಿನತ್ತ ಎಳೆಯುತ್ತಿದ್ದೆ. ಬ್ರಷ್ ಎತ್ತುವ ಜಾಗದಲ್ಲೇ ಬಣ್ಣ ಹೆಚ್ಚು ನಿಲ್ಲುತ್ತದೆ, ಅದಕ್ಕೇ ಆ ದಿಕ್ಕು. ಒಂದು ಪದರ ಚೆನ್ನಾಗಿ ಆರದೆ ಇನ್ನೊಂದನ್ನು ಹಾಕಿದರೆ ಕೆಳಗಿನದೂ ಎದ್ದು ಬರುತ್ತದೆ. ಒಂದೊಂದು ಅಂಗಿಗೂ ಎಂಟು ಪದರ, ಮಡಿಕೆಗಳ ಆಳಕ್ಕೆ ಕಂದು ವಾಶ್ (ನೀರಾದ ಬಣ್ಣ). ಕೊನೆಗೆ ನೆರಳು ಎಲ್ಲಿ ಶುರುವಾಯಿತೆಂದು ನನಗೇ ಗೊತ್ತಾಗದಷ್ಟು ನಯವಾಗಿ ಬಂದಿತ್ತು.

ಮುಗಿದಾಗ ಜುಲೈ ಕೊನೆ, ಆಟಿಯ ಮಳೆ. ಡಬ್ಬಿ ಮಾರಿದ ಅಂಗಡಿಯವರನ್ನು ಮೊದಲೇ ಕೇಳಿದ್ದೆ, "ಮಳೆಗೇನೂ ಆಗುವುದಿಲ್ಲ, ಧೈರ್ಯವಾಗಿ ಹೊಡೀರಿ" ಅಂದಿದ್ದರು. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ತೇವದ ಹವೆಯಲ್ಲಿ ಬಳಸಬಾರದೆಂದು ಬರೆದಿತ್ತು. ಓದಿದ್ದು ಆಮೇಲೆ.

ಬಾಲ್ಕನಿಯಲ್ಲಿ ಹನ್ನೆರಡನ್ನೂ ಒಟ್ಟಿಗೇ ನಿಲ್ಲಿಸಿ ಹೊಡೆದೆ. ಕಾಫಿ ಕುಡಿದು ಬರುವಷ್ಟರಲ್ಲಿ ಎಲ್ಲದರ ಮೇಲೂ ಬೂದಿ ಎರಚಿದಂತಿತ್ತು. ಸ್ಪ್ರೇಯಲ್ಲಿರುವ ದ್ರಾವಕ ಸರ್ರನೆ ಆವಿಯಾಗುವಾಗ ಬೊಂಬೆಯ ಮೈ ತಣ್ಣಗಾಗಿ ಗಾಳಿಯ ತೇವವೆಲ್ಲ ಅಲ್ಲೇ ಕೂರುತ್ತದೆ, ವಾರ್ನಿಶ್ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಹೊಳಪು ಅಡಗಿಸಲು ಅದರಲ್ಲಿ ನುಣ್ಣನೆಯ ಸಿಲಿಕಾ ಪುಡಿಯೂ ಇರುತ್ತದೆ, ಡಬ್ಬಿ ಸಾಕಷ್ಟು ಕುಲುಕದಿದ್ದರೆ ಅದರ ಕಾಟ ಬೇರೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದೆಂದರೆ, ಆ ಬಿಳುಪು ಎದ್ದು ಕಂಡದ್ದು ಮಡಿಕೆಗಳ ಆಳದಲ್ಲಿ. ನಾನು ಎಲ್ಲೆಲ್ಲಿ ಕಪ್ಪು ತಂದಿದ್ದೆನೋ ಅಲ್ಲಲ್ಲೇ.

ಗಾಬರಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಎರಡು ಬೊಂಬೆಗಳನ್ನು ಒರೆಸಿದೆ. ವಾರ್ನಿಶ್ ಜೊತೆಗೆ ಎಂಟೂ ಪದರ ಕಿತ್ತು ಬಂದು ಎಲ್ಲಕ್ಕೂ ಅಡಿಯಲ್ಲಿ ಬಳಿದಿದ್ದ ಪ್ರೈಮರ್ ಕಂಡಿತು. ದಯವಿಟ್ಟು ಅದನ್ನು ಮಾಡಬೇಡಿ. ಹಾಗೇ ಬಿಟ್ಟು, ಒಣ ಹವೆಯ ದಿನ ನೋಡಿ, ಹೊಳಪಿನ ವಾರ್ನಿಶ್ಶನ್ನು ಬ್ರಷ್ಷಿನಿಂದ ತೆಳ್ಳಗೆ ಹಚ್ಚಿ. ನನಗೆ ಉಳಿದ ಹತ್ತರಲ್ಲಿ ಏಳರ ನೆರಳು ಬಹುಮಟ್ಟಿಗೆ ಮರಳಿತು. ಹೊಳಪು ಜಾಸ್ತಿಯೆನಿಸಿದರೆ ಅದರ ಮೇಲೆ ಮ್ಯಾಟನ್ನೂ ಬ್ರಷ್ಷಿನಲ್ಲೇ ಹಚ್ಚಬಹುದು. ಸ್ಪ್ರೇಯೇ ಬೇಕೆಂದರೆ ಕೆಲಸಕ್ಕೆ ಬಾರದ ಒಂದು ಬೊಂಬೆಯ ಮೇಲೆ ಹೊಡೆದು, ಒಂದು ದಿನ ಕಾದು ನೋಡಿ.

ಮೂರು ಬೊಂಬೆ ಇನ್ನೂ ಮಂಜು ಹಿಡಿದಂತೆಯೇ ಇವೆ. ಒರೆಸಿದ ಎರಡಕ್ಕೆ ನವರಾತ್ರಿ ಕಳೆದ ಮೇಲೆ ಮತ್ತೆ ಮೊದಲ ಪದರದ ನೇರಳೆ ಹಚ್ಚುತ್ತೇನೆ.