‘ಎರಡೂ ಕಡೆ ಹೇಳಿ ಸರ್’ ಎನ್ನುವ ತರಗತಿಗೆ ಬರ್ಕ್ಲಿಯ ವಿಕಾಸ ಜಾಲತಾಣ ಎಷ್ಟು ಉಪಯೋಗ?

ಅಮೆರಿಕದ ಸಾರ್ವಜನಿಕ ಶಾಲೆಗಳಲ್ಲಿ ವಿಕಾಸವಾದ ಮತ್ತು ಸೃಷ್ಟಿವಾದದ (ಜೀವಿಗಳನ್ನು ದೇವರೇ ನೇರವಾಗಿ ಸೃಷ್ಟಿಸಿದ ಎಂಬ ವಾದ) ಜಗಳ ಕೋರ್ಟಿನಲ್ಲಿ ಬಹುಮಟ್ಟಿಗೆ ತೀರ್ಮಾನವಾಗಿದೆ. ವಿಕಾಸ ಕಲಿಸುವುದನ್ನು ನಿಷೇಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. ವಿಕಾಸ ಕಲಿಸಿದರೆ ಸೃಷ್ಟಿವಾದವನ್ನೂ ಕಲಿಸಲೇಬೇಕು ಎಂಬ ಲೂಯಿಸಿಯಾನದ ಕಾಯ್ದೆಯನ್ನು 1987ರಲ್ಲಿ ರದ್ದು ಮಾಡಿತು. ಜೀವಿಗಳ ಹಿಂದೆ ಬುದ್ಧಿವಂತ ವಿನ್ಯಾಸಕನೊಬ್ಬನಿದ್ದಾನೆ ಎನ್ನುವ ‘ಇಂಟೆಲಿಜೆಂಟ್ ಡಿಸೈನ್’ ಕೂಡ ವಿಜ್ಞಾನವಲ್ಲ ಎಂದು 2005ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಪ್ರಕರಣದಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು. ಈಗ ಕದನ ನಡೆಯುವುದು ಪಠ್ಯಪುಸ್ತಕದ ಆಚೆಗೆ. ಶಿಕ್ಷಕರು ಪೂರಕ ಸಾಮಗ್ರಿ ಬಳಸಲು ಲೂಯಿಸಿಯಾನದ 2008ರ ಕಾಯ್ದೆ ದಾರಿ ಬಿಟ್ಟುಕೊಟ್ಟಿದೆ. ಟೆನೆಸ್ಸಿಯ 2012ರ ಕಾಯ್ದೆ ಸಿದ್ಧಾಂತಗಳ ‘ಬಲ, ದೌರ್ಬಲ್ಯ’ ಚರ್ಚಿಸುವ ಶಿಕ್ಷಕರಿಗೆ ರಕ್ಷಣೆ ಕೊಡುತ್ತದೆ. ಹಾಗಾಗಿ ಶಿಕ್ಷಕರ ಕೈಯಲ್ಲಿರುವ ಪೂರಕ ಸಾಮಗ್ರಿ ಯಾವುದು ಎಂಬುದೇ ದೊಡ್ಡ ಪ್ರಶ್ನೆ.

ಆ ದೃಷ್ಟಿಯಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಪ್ರಾಗ್ಜೀವಶಾಸ್ತ್ರ ಸಂಗ್ರಹಾಲಯದ ‘ಅಂಡರ್‌ಸ್ಟ್ಯಾಂಡಿಂಗ್ ಎವಲ್ಯೂಷನ್’ ತಾಣವನ್ನು ನೋಡಬೇಕು. 2004ರಿಂದ ಇದೆ, ಪೂರ್ತಿ ಉಚಿತ. ‘ಎವಲ್ಯೂಷನ್ 101’ ಎಂಬ ಮೂಲಪಾಠ, ತರಗತಿವಾರು ವಿಂಗಡಿಸಿದ ಚಟುವಟಿಕೆಗಳು ಮತ್ತು ತಪ್ಪು ಕಲ್ಪನೆಗಳ ಪಟ್ಟಿ, ಇವು ಇದರ ಮೂರು ಮುಖ್ಯ ಭಾಗಗಳು. ಮೂಲಪಾಠ ಅಚ್ಚುಕಟ್ಟಾಗಿದೆ, ಆದರೆ ಓದು ಜಾಸ್ತಿ. ಒಂಬತ್ತನೇ ತರಗತಿಯವರಿಗೆ ಒಂದೇ ಸಲಕ್ಕೆ ಕೊಟ್ಟರೆ ಅರ್ಧಕ್ಕೇ ಕೈಬಿಡುತ್ತಾರೆ. ಪುಟಪುಟವಾಗಿ ಒಡೆದು ಕೊಡುವುದು ಲೇಸು.

ತಾಣದ ನಿಜವಾದ ಆಸ್ತಿ ಚಟುವಟಿಕೆಗಳು. ‘ಕ್ಲಿಪ್‌ಬರ್ಡ್ಸ್’ ಅನ್ನೇ ತೆಗೆದುಕೊಳ್ಳಿ. ಮೂರು ಅಳತೆಯ ಬೈಂಡರ್ ಕ್ಲಿಪ್ಪುಗಳೇ ಹಕ್ಕಿಯ ಕೊಕ್ಕು, ಲೋಟವೇ ಹೊಟ್ಟೆ. ಪಾಪ್‌ಕಾರ್ನ್ ಕಾಳು, ಲೈಮಾ ಬೀನ್ಸ್, ಗೋಲಿಗಳೇ ಆಹಾರ. ತರಗತಿಯನ್ನು ಎರಡು ಗುಂಪು ಮಾಡಿ, ನಡುವೆ ಬೆಟ್ಟವಿದೆ ಎಂದುಕೊಂಡು, ಎರಡೂ ಕಡೆಯ ಆಹಾರವನ್ನು ಬೇರೆ ಬೇರೆ ಮಾಡುತ್ತಾರೆ. ಗೊತ್ತಾದ ಸಮಯದಲ್ಲಿ ಸಾಕಷ್ಟು ತಿನ್ನದ ಹಕ್ಕಿ ಸಾಯುತ್ತದೆ, ಹೊಟ್ಟೆ ತುಂಬಿದ್ದು ಮರಿ ಮಾಡುತ್ತದೆ. ಕೆಲವು ಸುತ್ತು ಕಳೆದ ಮೇಲೆ ಎರಡು ಕಡೆಯ ಕೊಕ್ಕುಗಳ ಎಣಿಕೆ ಬೇರೆಯಾಗಿರುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಸಂಖ್ಯೆ. ಒಂದು ಬದಿಯಲ್ಲಿ ಪ್ರತಿ ಅಳತೆಗೆ ಒಂದೆರಡೇ ಹಕ್ಕಿಗಳಿದ್ದರೆ, ಕೈ ಜಾರಿದ ಒಬ್ಬ ಹುಡುಗನಿಂದಲೇ ಆ ಅಳತೆ ಪೂರ್ತಿ ನಾಶವಾಗಬಹುದು. ಆಗ ಕಂಡದ್ದು ನಿಸರ್ಗದ ಆಯ್ಕೆಯಲ್ಲ, ಬರೀ ಆಕಸ್ಮಿಕ. ಪ್ರತಿ ಬದಿಗೆ ಪ್ರತಿ ಅಳತೆಯ ಕನಿಷ್ಠ 3 ಹಕ್ಕಿ ಇಡಿ. ಹಲವು ಸೆಕ್ಷನ್‌ಗಳಿದ್ದರೆ ಎಲ್ಲರ ಎಣಿಕೆಯನ್ನೂ ಕೂಡಿಸಿ ಗ್ರಾಫ್ ಬರೆಸಿ. ಹೊಂದದ ಫಲಿತಾಂಶ ಬಂದ ಸೆಕ್ಷನ್ನಿನದನ್ನು ಬಚ್ಚಿಡಬೇಡಿ. ಜೆನೆಟಿಕ್ ಡ್ರಿಫ್ಟ್ (ಬರೀ ಆಕಸ್ಮಿಕದಿಂದ ಗುಣಗಳ ಪ್ರಮಾಣ ಬದಲಾಗುವುದು) ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಎರಡನೆಯದು ಭಾಷೆ. ‘ಗೋಲಿ ತಿನ್ನಬೇಕಾಗಿದ್ದರಿಂದ ಕೊಕ್ಕು ದೊಡ್ಡದಾಯಿತು’ ಎಂದೇ ಮಕ್ಕಳು ಬರೆಯುತ್ತಾರೆ. ಯಾವ ಕ್ಲಿಪ್ಪೂ ಆಟದ ನಡುವೆ ಬೆಳೆಯಲಿಲ್ಲವಲ್ಲ! ಪ್ರತಿ ಸುತ್ತಿನ ನಂತರ ‘ಯಾರು ಸತ್ತರು, ಯಾರು ಉಳಿದರು, ಯಾರಿಗೆ ಮರಿಯಾಯಿತು’ ಎಂಬ ಮೂರನ್ನೂ ಬರೆಸಿದ ಮೇಲಷ್ಟೇ ವಿವರಣೆ ಕೇಳಿ.

‘ಇದು ಆಟ, ನಿಜವಲ್ಲ’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಗಲಪಗೋಸ್‌ನ ಡಾಫ್ನಿ ಮೇಜರ್ ದ್ವೀಪದ ಅಳತೆಗಳನ್ನು ಕೈಯಲ್ಲಿಟ್ಟುಕೊಂಡಿರಿ. 1977ರ ಬರದಲ್ಲಿ ಸಣ್ಣ ಬೀಜಗಳು ಮುಗಿದು, ನೆಲದ ಫಿಂಚ್ ಹಕ್ಕಿಗಳಲ್ಲಿ ಶೇ. 85ರಷ್ಟು ಕಣ್ಮರೆಯಾದವು. ಉಳಿದವುಗಳ ಕೊಕ್ಕಿನ ಸರಾಸರಿ ಆಳ (ಮೇಲಿನಿಂದ ಕೆಳಕ್ಕೆ ಅಳೆದ ದಪ್ಪ) ಅರ್ಧ ಮಿಲಿಮೀಟರಿನಷ್ಟು ಹೆಚ್ಚಿತ್ತು, ಅವುಗಳ ಮರಿಗಳೂ ದಪ್ಪ ಕೊಕ್ಕಿನವೇ ಆದವು. ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿಯ ತಂಡ ಹಕ್ಕಿಗಳನ್ನು ಹಿಡಿದು ಅಳೆದ ಲೆಕ್ಕ ಇದು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಪಾಠ ಸೋಲುತ್ತದೆ. ಸೃಷ್ಟಿವಾದದ ಪರವಾಗಿ ಮಾತನಾಡುವ ವಿದ್ಯಾರ್ಥಿ ಕೊಕ್ಕಿನ ಬದಲಾವಣೆಯನ್ನು ಒಪ್ಪಿಕೊಂಡೇ, ‘ಹಕ್ಕಿ ಹಕ್ಕಿಯಾಗಿಯೇ ಉಳಿಯಿತಲ್ಲ’ ಎನ್ನುತ್ತಾನೆ. ಅದು ನ್ಯಾಯವಾದ ಪ್ರಶ್ನೆ, ಗೌರವದಿಂದಲೇ ಉತ್ತರಿಸಬೇಕು. ಕ್ಲಿಪ್ಪಿನ ಆಟದಲ್ಲಿ ಅದಕ್ಕೆ ಉತ್ತರವಿಲ್ಲ. ತಾಣದ ತಿಮಿಂಗಿಲದ ಪುಟದಲ್ಲಿದೆ. ಪಳೆಯುಳಿಕೆಯಾಗಿ ಸಿಕ್ಕ ಪಾಕಿಸೀಟಸ್ ನೆಲದಲ್ಲಿ ನಡೆದಾಡಿದ ಪ್ರಾಣಿ, ಅದರ ಪಾದದ ಕೀಲಿನ ಮೂಳೆ ಜಿಂಕೆ, ಹಂದಿ, ನೀರಾನೆಗಳ ಗುಂಪಿನದು, ಕಿವಿಯ ಮೂಳೆ ಮಾತ್ರ ತಿಮಿಂಗಿಲದ್ದು. ಒಂದೇ ಪ್ರಾಣಿಯಲ್ಲಿ ಎರಡೂ ಗುರುತು. ಈ ಪುಟ ಕೊಡುವಾಗ ವಂಶವೃಕ್ಷ ಓದುವುದನ್ನು ಮೊದಲೇ ಕಲಿಸಿರಬೇಕು, ಇಲ್ಲದಿದ್ದರೆ ‘ನೀರಾನೆಯೇ ತಿಮಿಂಗಿಲವಾಯಿತು’ ಎಂದು ಅರ್ಥವಾಗುತ್ತದೆ. ಒಂದೇ ವೃಕ್ಷದ ಕೊಂಬೆಗಳನ್ನು ಕವಲೊಡೆಯುವ ಗಂಟಿನಲ್ಲಿ ತಿರುಗಿಸಿ ಎರಡು ಬಗೆಯಲ್ಲಿ ಬರೆದು ತೋರಿಸಿ. ತುದಿಗಳ ಕ್ರಮ ಬದಲಾದರೂ ಸಂಬಂಧ ಬದಲಾಗಲಿಲ್ಲ ಎಂಬುದು ಹೊಳೆದರೆ ಆ ತಪ್ಪು ಬಹುಪಾಲು ಹೋಗುತ್ತದೆ.

ತಪ್ಪು ಕಲ್ಪನೆಗಳ ಪಟ್ಟಿಯನ್ನು ಪಾಠಕ್ಕೆ ಮೊದಲು ಶಿಕ್ಷಕರು ಓದಲೇಬೇಕು. ‘ಎರಡೂ ಕಡೆ ಹೇಳಿ, ಮಕ್ಕಳೇ ತೀರ್ಮಾನಿಸಲಿ’ ಎಂಬ ವಾದಕ್ಕೂ ಅಲ್ಲಿ ಉತ್ತರವಿದೆ. ವಿಜ್ಞಾನದ ತರಗತಿಯಲ್ಲಿ ಜಾಗ ಸಿಗುವುದು ಸಾಕ್ಷ್ಯದಿಂದ ಪರೀಕ್ಷಿಸಬಹುದಾದ ವಿವರಣೆಗೆ ಎಂಬುದು ಅದರ ಸಾರ. ಅದೇ ತಾಣದಲ್ಲಿ ಧರ್ಮಕ್ಕೂ ವಿಕಾಸಕ್ಕೂ ವಿರೋಧವಿರಲೇಬೇಕಾಗಿಲ್ಲ ಎನ್ನುವ ಭಾಗವೂ ಇದೆ. ಮಕ್ಕಳ ಕೈಗೆ ಕೊಡಬಾರದೆಂದು ನಾವು ಹೇಳುವುದು ಇದೊಂದನ್ನೇ. ಸರ್ಕಾರಿ ಹಣದ ತಾಣವೊಂದು ಧರ್ಮದ ವಿಷಯದಲ್ಲಿ ಪಕ್ಷ ವಹಿಸುತ್ತಿದೆ ಎಂದು ಕ್ಯಾಲಿಫೋರ್ನಿಯಾದ ಒಬ್ಬ ತಾಯಿ 2005ರಲ್ಲಿ ಇದರ ಮೇಲೇ ದಾವೆ ಹೂಡಿದ್ದರು. ದಾವೆ ಹೂಡುವ ಅರ್ಹತೆ ಅವರಿಗಿಲ್ಲ ಎಂಬ ಕಾರಣದಿಂದ ಅದು ವಜಾ ಆಯಿತು, ಮೇಲ್ಮನವಿ ನ್ಯಾಯಾಲಯವೂ 2008ರಲ್ಲಿ ಅದನ್ನೇ ಎತ್ತಿಹಿಡಿಯಿತು. ಅಂದರೆ ಆ ಪುಟದ ಒಳಗಿನ ಮಾತು ಸರಿಯೋ ತಪ್ಪೋ ಎಂದು ಕೋರ್ಟು ತೀರ್ಮಾನಿಸಲೇ ಇಲ್ಲ. ನಂಬಿಕೆಯ ಪ್ರಶ್ನೆ ಎದ್ದಾಗ ‘ಅದನ್ನು ಮನೆಯವರ ಜೊತೆ ಮಾತಾಡು, ಪರೀಕ್ಷೆಯಲ್ಲಿ ಕೇಳುವುದು ನೀನು ನಂಬುತ್ತೀಯಾ ಎಂದಲ್ಲ, ನಿನಗೆ ಅರ್ಥವಾಗಿದೆಯಾ ಎಂದು’ ಎಂದು ಹೇಳಿ, ಮತ್ತೆ ಮೂಳೆಗಳ ಚಿತ್ರಕ್ಕೆ ಬನ್ನಿ.